ಶರದೃತುವಿನ ಚಿತ್ರಗಳ ಸಂಸ್ಕಾರ

ದೋಷಾಪನಯನವೆಂದೂ ಗುಣಾಧಾನವೆಂದೂ ಸಂಸ್ಕಾರವು ಎರಡು ಬಗೆಯೆಂದು ಶಾಸ್ತ್ರಜ್ಞರು ಹೇಳುವರು. ಇದ್ದ ದೋಷವನ್ನು ಕಳೆಯುವುದೊಂದು, ಇಲ್ಲದ ಗುಣವನ್ನು ತುಂಬುವುದೊಂದು. ಗಣಕಯಂತ್ರದಲ್ಲಿ ಛಾಯಾಚಿತ್ರಗಳನ್ನು ತಿದ್ದುವವರು ಈ ಭೇದವನ್ನು ಅರಿತಿರಬೇಕೆಂದು ನಾವು ಬಗೆಯುವೆವು.

ಘಾಟಬೋರಾಳದ ಕಡೆ ಆಶ್ವೀಜ-ಕಾರ್ತಿಕಗಳಲ್ಲಿ ಮಳೆ ತೊಳೆದ ಬಾನು ನಿರ್ಮಲವಾಗಿರುವುದು. ತೊಗರಿ ಹಸಿರಾಗಿ ನಿಂತಿರುವುದು. ಆ ಕಾಲದಲ್ಲಿ ಮರಗಳು ಕೆಂಪೇರುವುದು ಶೀತದೇಶಗಳಲ್ಲಿ. ನಮ್ಮಲ್ಲಿ ಎಲೆಯುದುರುವುದು ಶಿಶಿರಕ್ಕೆ. ತಂತ್ರಾಂಶಗಳಲ್ಲಿ ಶರತ್ಕಾಲದ ಹೆಸರಿನಿಂದ ದೊರೆಯುವ ಸಿದ್ಧವರ್ಣಗಳಾದರೋ ಆ ದೇಶಗಳ ಮಾದರಿಯವು. ಅವನ್ನು ಹಚ್ಚಿದರೆ ತೊಗರಿ ಒಣಗಿದಂತೆಯೂ, ಎರೆಯ ಭೂಮಿ ಮುರಕಲ್ಲಿನ ಕೆಂಪು ನೆಲದಂತೆಯೂ ಕಾಣುವುವು. ಬೀದರ ಜಿಲ್ಲೆಯಲ್ಲಿ ಈ ಎರಡು ನೆಲಗಳೂ ಉಂಟು. ಮುಂದೆ ಚಿತ್ರ ನೋಡುವ ಮೊಮ್ಮಕ್ಕಳು ತಮ್ಮ ಹೊಲವನ್ನೇ ಗುರುತಿಸಲಾರರು.

ಹಳೆಯ ಚಿತ್ರಗಳನ್ನು ಮರಳಿ ತಿದ್ದುವುದು ತಪ್ಪಲ್ಲ. ಸಾಮಾನ್ಯ ಜೆಪೆಗ್ ಕಡತದಲ್ಲಿ ಪ್ರತಿ ಮೂಲವರ್ಣಕ್ಕೆ 256 ಮೆಟ್ಟಿಲುಗಳು. 14 ಬಿಟ್ಟಿನ ರಾ ಕಡತದಲ್ಲಿ 16,384. ಆದುದರಿಂದ ರಾ ಕಡತವಿದ್ದರೆ, ನೆರಳಿನಲ್ಲಿ ಅಡಗಿದ ಬದುವನ್ನೂ ಬೆಳಕಿಗೆ ತರಬಹುದು. ಬಣ್ಣಗಳನ್ನು ಸರಿದೂಗಿಸುವಾಗ ಚಿತ್ರದಲ್ಲಿರುವ ಬಿಳಿಯ ಧೋತರವನ್ನು ಪ್ರಮಾಣವಾಗಿ ಹಿಡಿಯಿರಿ. ಮೂಲವನ್ನು ಅಳಿಸದೆ, ಇಸವಿ ಬರೆದು ಬೇರೆಯಾಗಿ ಇಡತಕ್ಕದ್ದು. ಕ್ಯಾಮೆರಾದ ದೋಷವನ್ನು ಕಳೆಯೋಣ. ಹೊಲದ ಮೇಲೆ ಪರದೇಶದ ಋತುವನ್ನು ಹೊರಿಸದಿರೋಣ.