ನೂರು ಹಾಸಿಗೆ ಕೇಳಿದೆವು, ಹಾಸಿಗೆ ಪಕ್ಕ ನಿಲ್ಲುವವರನ್ನು ಕೇಳಲಿಲ್ಲ

ಶೃಂಗೇರಿಗೆ ನೂರು ಹಾಸಿಗೆಯ ಆಸ್ಪತ್ರೆ ಬೇಕು. ಈ ಮಾತನ್ನು ನಾವೂ ಬರೆದಿದ್ದೇವೆ, ವಾಟ್ಸಾಪಿನಲ್ಲಿ ಹಂಚಿದ್ದೇವೆ, ಚುನಾವಣೆ ಬಂದಾಗ ಅಭ್ಯರ್ಥಿಗಳ ಮುಂದೆ ಮೈಕ್ ಹಿಡಿದು ಕೇಳಿದ್ದೇವೆ. ಕೇಳಿದ್ದು ತಪ್ಪಲ್ಲ. ಅಡ್ಡಗದ್ದೆಯಲ್ಲಿ ರಾತ್ರಿ ಹತ್ತರ ಮೇಲೆ ಯಾರಿಗಾದರೂ ಎದೆನೋವು ಬಂದರೆ ಮನೆಯವರಿಗೆ ಮೊದಲು ನೆನಪಾಗುವುದು ಡಾಕ್ಟರಲ್ಲ, ರಸ್ತೆ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ತೀರ್ಥಹಳ್ಳಿ ದಾಟಿ ಶಿವಮೊಗ್ಗಕ್ಕೋ? ಮಳೆಗಾಲವಾದರೆ ಘಾಟಿಯಲ್ಲಿ ಮರ ಬಿದ್ದಿದೆಯೋ, ಗುಡ್ಡ ಜಾರಿದೆಯೋ ಎಂದು ಫೋನ್ ಮಾಡಿ ಕೇಳಿಕೊಂಡೇ ಗಾಡಿ ಹತ್ತಬೇಕು. ಈ ಪಾಡು ಕೊಪ್ಪದವರಿಗೂ ಗೊತ್ತು, ನರಸಿಂಹರಾಜಪುರದವರಿಗೂ ಗೊತ್ತು.

ಆದರೆ ಇಷ್ಟು ವರ್ಷ ನಾವು ಕೇಳಿದ್ದು ಬರೀ ಕಟ್ಟಡವನ್ನು. ಕಟ್ಟಡಕ್ಕೆ ಶಂಕುಸ್ಥಾಪನೆ ಇರುತ್ತದೆ, ಫೋಟೊ ಇರುತ್ತದೆ, ನಮಗೂ ಒಂದು ಸುದ್ದಿ ಸಿಗುತ್ತದೆ. ಆ ನೂರು ಹಾಸಿಗೆಗಳ ಪಕ್ಕ ಮೂರು ಪಾಳಿಯಲ್ಲಿ ನಿಲ್ಲುವ ನರ್ಸುಗಳು ಎಲ್ಲಿಂದ ಬರುತ್ತಾರೆ, ರಕ್ತ ಪರೀಕ್ಷೆ ಮಾಡುವವರು ಯಾರು, ಎಕ್ಸ್‌ರೇ ತೆಗೆಯುವವರು ಯಾರು, ಅವರನ್ನು ಯಾವ ಕಾಲೇಜು ತಯಾರು ಮಾಡುತ್ತದೆ ಎಂದು ನಾವು ಯಾರನ್ನೂ ಕೇಳಲಿಲ್ಲ. ಈ ಬರಹ ಮೊದಲು ನಮ್ಮದೇ ತಪ್ಪಿನ ಲೆಕ್ಕ. ಆಮೇಲೆ ಉಳಿದವರದು.

ನಮ್ಮ ಬಳಗದ ಒಬ್ಬರ ತಂಗಿಯ ಕಥೆ ಹೇಳುತ್ತೇವೆ. ಪಿಯುಸಿಯಲ್ಲಿ ವಿಜ್ಞಾನ ಓದಿದಳು. ನರ್ಸಿಂಗ್ ಮಾಡುತ್ತೇನೆಂದಳು. ಏಜೆಂಟ್ ಒಬ್ಬ ಮನೆಗೇ ಬಂದು ದೂರದ ಊರಿನ ಒಂದು ಕಾಲೇಜಿಗೆ ಸೇರಿಸಿದ. ಅಡಿಕೆ ಮೇಲೆ ಸಾಲ ತೆಗೆದು ಫೀಸು ಕಟ್ಟಿದರು. ನಾಲ್ಕು ವರ್ಷದಲ್ಲಿ ಅವಳು ರೋಗಿಗಳ ಜೊತೆ ಕಳೆದದ್ದಕ್ಕಿಂತ ರೆಕಾರ್ಡ್ ಪುಸ್ತಕ ಬರೆದದ್ದೇ ಹೆಚ್ಚು. ಓದು ಮುಗಿದ ಮೇಲೆ ಕೆಲಸ ಕೊಟ್ಟ ಆಸ್ಪತ್ರೆ ಮೂಲ ಅಂಕಪಟ್ಟಿ ಇಟ್ಟುಕೊಂಡಿತು. ಈಗ ಅವಳು ಊರಿಂದ ಮುನ್ನೂರು ಕಿಲೋಮೀಟರ್ ಆಚೆ ಯಾರದೋ ಅಜ್ಜಿಗೆ ಡ್ರಿಪ್ ಹಾಕುತ್ತಿದ್ದಾಳೆ. ಇತ್ತ ಅವಳ ಸ್ವಂತ ಅಜ್ಜಿಯನ್ನು ನೋಡಿಕೊಳ್ಳಲು ಏಜೆನ್ಸಿಯಿಂದ ಹೋಂ ನರ್ಸ್ ಬಂದಿದ್ದಾರೆ. ಆಕೆಗೆ ಅಜ್ಜಿಯ ಮಾತು ತಿಳಿಯುವುದಿಲ್ಲ, ಅಜ್ಜಿಗೆ ಆಕೆಯ ಮಾತು ತಿಳಿಯುವುದಿಲ್ಲ. ಇಬ್ಬರೂ ಪಾಪದವರೇ.

ಮಲೆನಾಡಿನಲ್ಲಿ ಇದು ಒಂದು ಮನೆಯ ಕಥೆಯಲ್ಲ. ಹಳದಿ ಎಲೆ ರೋಗ ಮೊದಲೇ ನಮ್ಮ ಮೂರೂ ತಾಲ್ಲೂಕುಗಳ ಅಡಿಕೆ ತೋಟ ತಿಂದಿದೆ, ಉಳಿದದ್ದಕ್ಕೆ ಈಗ ಎಲೆಚುಕ್ಕಿ. ಹುಡುಗರು ಬೆಂಗಳೂರು ಸೇರಿದರು. ದೊಡ್ಡ ಮನೆಗಳಲ್ಲಿ ಇಬ್ಬಿಬ್ಬರೇ ವಯಸ್ಸಾದವರು ಉಳಿದರು. ಬಿಪಿ, ಸಕ್ಕರೆ, ಪಾರ್ಶ್ವವಾಯು, ಬಿದ್ದು ಮುರಿದ ಸೊಂಟ: ಆರೈಕೆ ಬೇಕಾದವರು ಇಲ್ಲಿದ್ದಾರೆ. ಆರೈಕೆ ಕಲಿತು ಸಂಬಳ ತೆಗೆದುಕೊಳ್ಳಲು ಸಿದ್ಧವಿರುವ ಮಕ್ಕಳೂ ಇಲ್ಲಿಯೇ ಹುಟ್ಟಿದ್ದಾರೆ. ಇವರನ್ನೂ ಅವರನ್ನೂ ಕೂಡಿಸುವ ದಾರಿ ಮಾತ್ರ ಇಲ್ಲ.

ನಮ್ಮ ಕಡೆ ಅಬ್ಬಿ ನೀರು ಗೊತ್ತಿಲ್ಲದವರಿಲ್ಲ. ಗುಡ್ಡದ ಮೇಲೆ ನೀರಿದೆ, ಕೆಳಗೆ ಬಚ್ಚಲಿದೆ. ನಡುವೆ ಅಡಿಕೆ ಮರ ಸೀಳಿ ದಂಬೆ ಇಟ್ಟರೆ ಮಾತ್ರ ನೀರು ಮನೆಗೆ ಬರುತ್ತದೆ. ಒಂದು ದಂಬೆ ಜಾರಿದರೂ ನೀರೆಲ್ಲ ಹಳ್ಳದ ಪಾಲು. ಕಾಲೇಜು ಮತ್ತು ಆಸ್ಪತ್ರೆ ನಡುವೆ ನಮ್ಮಲ್ಲಿ ದಂಬೆಯನ್ನೇ ಇಟ್ಟಿಲ್ಲ. ಕಾಲೇಜಿನವರನ್ನು ಕೇಳಿದರೆ “ಪಾಠ ಮಾಡುವುದು ನಮ್ಮ ಕೆಲಸ, ಉದ್ಯೋಗ ಕೊಡುವುದಲ್ಲ” ಅನ್ನುತ್ತಾರೆ. ಆಸ್ಪತ್ರೆಯವರನ್ನು ಕೇಳಿದರೆ “ಹುದ್ದೆ ಇದೆ, ಜನ ಬರುವುದಿಲ್ಲ” ಅನ್ನುತ್ತಾರೆ. ಇಬ್ಬರೂ ಒಂದೇ ಮೇಜಿನ ಮುಂದೆ ಕೂತದ್ದನ್ನು ನಾವಂತೂ ನೋಡಿಲ್ಲ.

ಹಳ್ಳಿಗೆ ಜನ ಬರುವುದಿಲ್ಲ ಎಂಬ ಮಾತೇ ಅರ್ಧ ಸುಳ್ಳು. ಹಳ್ಳಿಯಿಂದ ಹೋದವರು ಮರಳಿ ಬರಲು ಯಾರೂ ದಾರಿ ಇಟ್ಟಿಲ್ಲ ಎನ್ನುವುದು ಪೂರ್ತಿ ನಿಜ. ಸಿಇಟಿ ಸೀಟು ಹಂಚಿಕೆಯಲ್ಲಿ ನಮ್ಮ ರಾಜ್ಯ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಕೊಟ್ಟಿದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ ಮಗುವಿಗೆ ಸೀಟು ಸಿಗಲಿ ಎಂಬ ಒಳ್ಳೆಯ ಉದ್ದೇಶ. ಸೀಟು ಸಿಕ್ಕ ಮೇಲೆ? ಆ ಮಗು ಯಾವ ಹಳ್ಳಿಯಿಂದ ಬಂತು, ಆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಯಾವ ಹುದ್ದೆ ಖಾಲಿ ಇದೆ ಎಂದು ಜೋಡಿಸಿ ನೋಡುವವರು ಯಾರು? ಬಾಗಿಲು ತೆರೆದು ಒಳಗೆ ಬಿಟ್ಟರು, ಹಿಂಬಾಗಿಲು ಬೆಂಗಳೂರಿಗೆ ತೆರೆದಿದೆ.

“ಕಡ್ಡಾಯ ಗ್ರಾಮೀಣ ಸೇವೆ ಇದೆಯಲ್ಲ” ಎನ್ನುತ್ತೀರಿ. ಇದೆ. 2012ರಲ್ಲಿ ಕಾನೂನು ಬಂತು, ವೈದ್ಯಕೀಯ ಓದಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು ಎಂದು ಆಗ ಅದು ಹೇಳಿತ್ತು. ಅದು ಕೋರ್ಟು ಮೆಟ್ಟಿಲೂ ಹತ್ತಿಳಿಯಿತು. ಆದರೆ ಅದರ ಸ್ವಭಾವವೇ ಬೇರೆ. ಊರು ಗೊತ್ತಿಲ್ಲದ, ಮಾತು ಗೊತ್ತಿಲ್ಲದ ಒಬ್ಬ ಯುವ ವೈದ್ಯರನ್ನು ಶಿಕ್ಷೆಯ ಹಾಗೆ ಕಳಿಸುತ್ತೀರಿ. ಅವರು ದಿನ ಎಣಿಸುತ್ತಾರೆ, ಊರಿನವರು ಅವರ ಹೆಸರು ಕಲಿಯುವಷ್ಟರಲ್ಲಿ ಹೊರಟಿರುತ್ತಾರೆ. ಆ ಹುಡುಗ ಹುಡುಗಿಯರನ್ನು ನಾವು ದೂರುವುದಿಲ್ಲ. ಕ್ವಾರ್ಟರ್ಸ್ ಸೋರುವ ಊರಿನಲ್ಲಿ ಒಂಟಿಯಾಗಿ ಇರುವುದು ಯಾರಿಗೂ ಇಷ್ಟವಲ್ಲ. ನರ್ಸುಗಳಿಗೆ, ಲ್ಯಾಬ್ ಟೆಕ್ನಿಷಿಯನ್‌ಗಳಿಗೆ ಮರಳುವ ದಾರಿ ಇಷ್ಟೂ ಇಲ್ಲ.

“ಜಿಲ್ಲೆಗೆ ವೈದ್ಯಕೀಯ ಕಾಲೇಜು ಬಂತಲ್ಲ” ಎನ್ನುವವರೂ ಇದ್ದಾರೆ. ಚಿಕ್ಕಮಗಳೂರಿಗೆ ಬಂದಿದೆ, ಸಂತೋಷ. ಆದರೆ ಉತ್ತರ ಕನ್ನಡವನ್ನು ನೋಡಿ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೂ 2019ರಲ್ಲಿ ಆ ಜಿಲ್ಲೆಯ ಜನ ತುರ್ತು ಆಸ್ಪತ್ರೆ ಬೇಕೆಂದು ಜಾಲತಾಣಗಳಲ್ಲಿ ಕೂಗೆಬ್ಬಿಸಿದರು. 2022ರ ಜುಲೈಯಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತಾಗ ಅದೇ ಕೂಗು ಮತ್ತೆ ಎದ್ದಿತು. ಜಿಲ್ಲಾ ಕೇಂದ್ರದಲ್ಲಿ ಕಾಲೇಜಿನ ಬೋರ್ಡು ಇದ್ದ ಮಾತ್ರಕ್ಕೆ ಘಾಟಿಯ ಮೇಲಿನ ತಾಲ್ಲೂಕಿಗೆ ನರ್ಸು ಬರುವುದಿಲ್ಲ. ಬರುವಂತೆ ಒಪ್ಪಂದ ಬರೆಯಬೇಕು.

ಇದು ಆಗದ ಮಾತೇನಲ್ಲ. ನಮ್ಮದೇ ರಾಜ್ಯದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಗಿರಿಜನ ಹೆಣ್ಣುಮಕ್ಕಳಿಗೇ ಎಎನ್‌ಎಂ ತರಬೇತಿ ಕೊಟ್ಟಿತು. ಹೊರಗಿನಿಂದ ಬರುವವರಿಗೆ ಕಾಯುತ್ತ ಕೂರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಊರೂರಿನ ಮಿಷನ್ ಆಸ್ಪತ್ರೆಗಳು ವಿದ್ಯಾರ್ಥಿಗಳನ್ನು ಪ್ರಾಯೋಜಿಸುವ ಪದ್ಧತಿ ಹಳೆಯದು. ಓದು ಮುಗಿದ ಮೇಲೆ ಅವರು ಆ ಆಸ್ಪತ್ರೆಗಳಲ್ಲಿ ನಿಗದಿತ ಕಾಲ ದುಡಿಯುತ್ತಾರೆ. ಎಲ್ಲಿಗೆ ಹೋಗುತ್ತೇನೆಂದು ಸೇರುವ ದಿನವೇ ಗೊತ್ತಿರುತ್ತದೆ. ಜಪಾನಿನಲ್ಲಿ 1972ರಲ್ಲಿ ಎಲ್ಲ ಪ್ರಾಂತ್ಯಗಳೂ ಸೇರಿ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ ಕಟ್ಟಿದವು. ಒಂದೊಂದು ಪ್ರಾಂತ್ಯದಿಂದ ಇಬ್ಬರು ಮೂವರನ್ನು ಆರಿಸುತ್ತಾರೆ. ತಮ್ಮ ಪ್ರಾಂತ್ಯಕ್ಕೆ ಮರಳಿ ಒಂಬತ್ತು ವರ್ಷ ಸೇವೆ ಮಾಡಿದರೆ ಫೀಸಿನ ಸಾಲ ಮನ್ನಾ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೂ 2021ರಲ್ಲೂ ಹೇಳಿದ್ದು ಇದನ್ನೇ: ಹಳ್ಳಿಯ ಮಕ್ಕಳನ್ನು ಆರಿಸಿ, ದೊಡ್ಡ ಊರಿನ ಹೊರಗೆ ಕಲಿಸಿ, ಕಲಿಯುವಾಗಲೇ ಹಳ್ಳಿಯಲ್ಲಿ ಕೆಲಸ ಮಾಡಿಸಿ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವುದಿಲ್ಲ. “ಬಡವರ ಹೆಣ್ಣುಮಕ್ಕಳನ್ನು ಆಸ್ಪತ್ರೆಗಳಿಗೆ ಅಗ್ಗದ ಆಳಾಗಿ ಕಟ್ಟಿಹಾಕುತ್ತೀರಾ?” ಹಾಗಾಗುವ ಅಪಾಯ ನಿಜ. ನಮ್ಮ ಗೆಳತಿಯ ತಂಗಿಗೆ ಆದದ್ದೇ ಅದು. ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕೂತದ್ದು ಬರೀ ತಿಂಗಳ ಗೌರವಧನಕ್ಕೆ. ಮಂಗನ ಕಾಯಿಲೆ ಕಾಲದಲ್ಲಿ ಮನೆಮನೆಗೆ ಉಣುಗಿನ ಎಣ್ಣೆ ಹಂಚುವುದು, ಜ್ವರ ಬಂದವರನ್ನು ಮೊದಲು ಪತ್ತೆ ಮಾಡುವುದು ಇದೇ ಹೆಂಗಸರು. ಹಳ್ಳಿಯ ಆರೋಗ್ಯ ಅವರ ಕಾಲಿನ ಮೇಲೆ ನಿಂತಿದೆ, ಅವರಿಗೆ ಮಾತ್ರ ಮೇಲೇರುವ ಮೆಟ್ಟಿಲಿಲ್ಲ. ಆದ್ದರಿಂದ ಕಾಲೇಜು ಮತ್ತು ಆಸ್ಪತ್ರೆ ಕೈಕುಲುಕಿದರೆ ಸಾಲದು, ಯಾವ ಷರತ್ತಿನ ಮೇಲೆ ಎಂಬುದನ್ನು ಊರೇ ಬರೆಸಬೇಕು.

ನಮ್ಮ ಷರತ್ತುಗಳು ಇವು.

ಒಂದು, ಆಯ್ಕೆ ಇಲ್ಲೇ ಆಗಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪಿಯು ಕಾಲೇಜುಗಳಿಂದ ಪ್ರತಿವರ್ಷ ಇಂತಿಷ್ಟು ಮಕ್ಕಳಿಗೆ ಜಿಲ್ಲೆಯ ನರ್ಸಿಂಗ್ ಮತ್ತು ಅರೆವೈದ್ಯಕೀಯ ಕೋರ್ಸುಗಳಲ್ಲಿ ಸೀಟು. ಏಜೆಂಟ್ ಮನೆಗೆ ಬರುವ ಮೊದಲೇ ಆಸ್ಪತ್ರೆಯವರು ಕಾಲೇಜಿಗೆ ಬರಲಿ.

ಎರಡು, ಕಲಿಕೆ ಇಲ್ಲೇ ನಡೆಯಬೇಕು. ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ ಇವೇ ತರಗತಿ. ಕಲಿಸುವ ಹಿರಿಯ ನರ್ಸಿಗೆ ಅದಕ್ಕಾಗಿ ಭತ್ಯೆ ಕೊಡಿ, ಇರುವ ಕೆಲಸದ ಮೇಲೆ ಇನ್ನೊಂದು ಹೊರೆ ಹೇರಬೇಡಿ. ಇಲ್ಲಿ ವೈದ್ಯಕೀಯ ಶಿಕ್ಷಣ ನಡೆಯುವುದಿಲ್ಲ ಎನ್ನಬೇಡಿ, ಕೊಪ್ಪದಲ್ಲಿ ಆಯುರ್ವೇದ ವೈದ್ಯಕೀಯ ಕಾಲೇಜು ನಡೆಯುತ್ತಿದೆ.

ಮೂರು, ಫೀಸು ಮತ್ತು ಸ್ಟೈಪೆಂಡ್ ಕೆಲಸ ಕೊಡುವವರ ಹೊಣೆ. ಸರ್ಕಾರಿ ಆಸ್ಪತ್ರೆಯಾದರೆ ಸರ್ಕಾರ, ಖಾಸಗಿಯಾದರೆ ಖಾಸಗಿ, ಧರ್ಮಾಸ್ಪತ್ರೆಯಾದರೆ ಅದನ್ನು ನಡೆಸುವವರು. ನಮ್ಮ ರೋಗಿಗಳಿಂದ ಬಿಲ್ ವಸೂಲು ಮಾಡುವ ಘಾಟಿ ಕೆಳಗಿನ ದೊಡ್ಡ ಆಸ್ಪತ್ರೆಗಳೂ ಈ ಲೆಕ್ಕದಿಂದ ಹೊರಗಲ್ಲ.

ನಾಲ್ಕು, ಸೇವಾ ಅವಧಿ ಮೊದಲೇ ಬರೆದಿರಬೇಕು, ಸಂಬಳ ಕಾಯಂ ನೌಕರರದ್ದೇ ಇರಬೇಕು. ಮೂಲ ಅಂಕಪಟ್ಟಿಯನ್ನು ಯಾರೂ ಒಂದು ದಿನವೂ ಇಟ್ಟುಕೊಳ್ಳಬಾರದು. ಸೋರದ ಕ್ವಾರ್ಟರ್ಸ್, ರಾತ್ರಿ ಪಾಳಿ ಮುಗಿಸಿದವರಿಗೆ ಮನೆ ಮುಟ್ಟುವ ಗಾಡಿ.

ಐದು, ಮೆಟ್ಟಿಲು. ಆಶಾ ಆದವಳು ಎಎನ್‌ಎಂ ಆಗಲು, ಎಎನ್‌ಎಂ ಆದವಳು ಮುಂದೆ ಓದಲು ರಜೆ, ವಯಸ್ಸಿನ ಸಡಿಲಿಕೆ, ಸಂಬಳ.

ಈಗ ನೂರರ ಲೆಕ್ಕಕ್ಕೆ ಮರಳೋಣ. ನರ್ಸಿಂಗ್ ಕಾಲೇಜಿಗೆ ನೂರು ಹಾಸಿಗೆಯ ಮಾತೃ ಆಸ್ಪತ್ರೆ ಇರಬೇಕು ಎನ್ನುತ್ತದೆ ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ. ಅಂದರೆ ನಾವು ಕೇಳುತ್ತಿರುವ ಆಸ್ಪತ್ರೆಯ ಬೆನ್ನಿಗೇ ಒಂದು ಕಾಲೇಜು ಬರಬಹುದು. ನೀಲನಕ್ಷೆಯಲ್ಲೇ ಹಾಸ್ಟೆಲ್, ತರಗತಿ ಕೋಣೆ ಸೇರಿಸಿ ಎಂದು ಈಗಲೇ ಕೇಳದಿದ್ದರೆ, ನಾಳೆ ಹೊಳೆಯುವ ಕಟ್ಟಡದ ಮುಂದೆ “ಸಿಬ್ಬಂದಿ ಕೊರತೆ” ಎಂದು ನಾವೇ ಶೀರ್ಷಿಕೆ ಕೊಡಬೇಕಾಗುತ್ತದೆ. ಅಂಥ ಶೀರ್ಷಿಕೆ ಕೊಟ್ಟು ಕೊಟ್ಟು ನಮಗೆ ಸಾಕಾಗಿದೆ.

ನಾವು ಪತ್ರಿಕೋದ್ಯಮ ಓದಿದವರು. ಪದವಿ ಕೊಟ್ಟ ಕಾಲೇಜಿಗೂ ಪತ್ರಿಕೆಗಳಿಗೂ ಮಾತುಕತೆ ಇರಲಿಲ್ಲ. ಒಂದಿಷ್ಟು ವರ್ಷ ಅಲೆದೆವು, ಕೊನೆಗೆ ಈ ಬ್ಲಾಗ್ ಕಟ್ಟಿಕೊಂಡೆವು. ನಮಗೆ ಕೆಲಸದ ದಾರಿ ಸಿಗದಿದ್ದರೆ ಊರಿಗೆ ಒಂದೆರಡು ಸುದ್ದಿ ತಪ್ಪುತ್ತದೆ. ನರ್ಸಿಗೆ ದಾರಿ ಸಿಗದಿದ್ದರೆ ಆಗುಂಬೆ ತಿರುವಿನಲ್ಲಿ ಜೀವ ಹೋಗುತ್ತದೆ.

ಮುಂದಿನ ಗ್ರಾಮಸಭೆಗೆ ನಾವು ಬರುತ್ತೇವೆ. ಅಡ್ಡಗದ್ದೆಯವರೂ ಬನ್ನಿ. ಮೂರು ಪ್ರಶ್ನೆ ಸಾಕು. ನಮ್ಮ ಆರೋಗ್ಯ ಕೇಂದ್ರಕ್ಕೆ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು? ಈ ಪಂಚಾಯಿತಿಯಿಂದ ನರ್ಸಿಂಗ್, ಲ್ಯಾಬ್ ಕೋರ್ಸು ಓದಿ ಹೊರಗೆ ದುಡಿಯುತ್ತಿರುವ ಮಕ್ಕಳು ಎಷ್ಟು? ಅವರಲ್ಲಿ ಎಷ್ಟು ಮಂದಿಯನ್ನು “ಬರುತ್ತೀಯಾ” ಎಂದು ಯಾರಾದರೂ ಕೇಳಿದ್ದಾರೆ? ಮೊದಲ ಎರಡರ ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಸೋಣ. ಮೂರನೆಯದರ ಉತ್ತರ ಸೊನ್ನೆ ಎಂದು ಬಂದರೆ, ಕೇಳುವ ಕೆಲಸ ಆ ದಿನವೇ ಶುರುವಾಗಲಿ.