ರಸ್ತೆ ಯಾರದು, ಸರ್ಟಿಫಿಕೇಟು ಯಾರದು?

ನಮ್ಮವ್ವನ ಕೈಗೆ ಮೇಸ್ತ್ರಿ ಕೊಟ್ಟಿದ್ದು ಒಂದು ಕೆಂಪು ಬಟ್ಟೆ. ಯಾರದೋ ಹಳೇ ಸೀರೆ ಹರಿದು ಕೋಲಿಗೆ ಕಟ್ಟಿದ್ದು. "ಲಾರಿ ಬಂದ್ರೆ ಅಲ್ಲಾಡ್ಸು ಕಣಮ್ಮಿ, ನಿಂತ್ಕತವೆ" ಅಂದ. ಅರ್ಧ ನಿಮಿಷ. ಅದೇ ಅವಳ ತರಬೇತಿ. ಅದಕ್ಕೆ ಮುಂಚೆ ಅವಳು ಜಲ್ಲಿ ಹೊರುತ್ತಿದ್ದಳು. ಮಂಡಿ ನೋವು ಅಂದದ್ದಕ್ಕೆ 'ಹಗುರ ಕೆಲಸ' ಅಂತ ಈ ಬಾವುಟ.

ಸಂಜೆ ಏಳರ ಹೊತ್ತಿಗೆ ತಿರುವಿನಲ್ಲಿ ನುಗ್ಗಿದ ಟೆಂಪೋದವನಿಗೆ ಬಟ್ಟೆಯೂ ಕಾಣಲಿಲ್ಲ, ಬಟ್ಟೆ ಹಿಡಿದವಳೂ ಕಾಣಲಿಲ್ಲ. ಅವ್ವನ ಸೊಂಟ ಮುರಿಯಿತು. "ಅವಳೇ ಅಡ್ಡ ಬಂದ್ಲು" ಎಂದ ಕಂಟ್ರಾಕ್ಟರು. ಠಾಣೆಯ ಕಾಗದದಲ್ಲಿ ಅವಳನ್ನು ಪಾದಚಾರಿ ಎಂದು ಬರೆದಿದ್ದರು. ಬೆಳಗ್ಗೆಯಿಂದ ಒಂದೇ ಜಾಗದಲ್ಲಿ ಬಿಸಿಲಿಗೆ ಬೆಂದು ನಿಂತವಳು ಪಾದಚಾರಿಯಂತೆ! ನಮ್ಮ ಮನೆಯಲ್ಲಿ ಆ ಕಾಗದ ಓದಬಲ್ಲವನು ನಾನೊಬ್ಬನೇ. ಬಿ.ಎ. ಓದಿದ್ದಕ್ಕೆ ಮೊದಲ ಸಲ ಸಂಕಟವಾಯಿತು.

ಓದಿದ ಮೇಲೆ ಬಿಡುವುದುಂಟೆ? ಉಳಿದ ಕಾಗದಗಳನ್ನೂ ಹುಡುಕಿ ಓದಿದೆ. ಕೇಳಿ ಗೆಳೆಯರೇ.

ರಸ್ತೆ ಕೆಲಸ ನಡೆಯುವಲ್ಲಿ ವಾಹನಗಳನ್ನು ಹೇಗೆ ನಿಭಾಯಿಸಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಎಸ್‌ಪಿ 55 ಅಂತ ಅದರ ಸಂಖ್ಯೆ. 2001ರಲ್ಲಿ ಬಂತು, 2014ರಲ್ಲಿ ತಿದ್ದಿದರು. ದೂರದಿಂದಲೇ ಎಚ್ಚರಿಕೆಯ ಫಲಕ ಇರಬೇಕು. ಆಮೇಲೆ ಕೋನುಗಳನ್ನು ಓರೆಯಾಗಿ ಇಟ್ಟು ಗಾಡಿಗಳನ್ನು ಪಕ್ಕಕ್ಕೆ ಸರಿಸಬೇಕು. ಆಮೇಲೆ ಜನ ಕೆಲಸ ಮಾಡುವ ಜಾಗ. ಅದು ದಾಟಿದ ಮೇಲೆ ಗಾಡಿಗಳು ತಮ್ಮ ದಾರಿಗೆ ಮರಳುವ ಜಾಗ. ಹೀಗೆ ನಾಲ್ಕು ಭಾಗ. ಕೇಂದ್ರ ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಗಳ 112ನೇ ಕಲಮು ಇನ್ನೂ ಬಿಡಿಸಿ ಹೇಳುತ್ತದೆ: ಅರ್ಧ ರಸ್ತೆಯಲ್ಲಿ ಗಾಡಿ ಬಿಡುವಾಗ ಎರಡೂ ತುದಿಗೆ ಬಾವುಟದವರು ಇರಬೇಕು, ಅವರ ಕೈಯಲ್ಲಿ ಕೆಂಪು ಮತ್ತು ಹಸಿರು ಎರಡೂ ಬಾವುಟ, ದೀಪ. ಅಡ್ಡಗಟ್ಟೆಯ ಮೇಲೆ ಹೊತ್ತು ಮುಳುಗಿದಾಗಿನಿಂದ ಹೊತ್ತು ಹುಟ್ಟುವವರೆಗೆ ಕೆಂಪು ದೀಪ ಉರಿಯುತ್ತಿರಬೇಕು.

ಇದನ್ನು ಅವ್ವನಿಗೆ ಓದಿ ಹೇಳಿದೆ. "ಹಸ್ರುದ್ಯಾಕ್ಲಾ ಮಗ?" ಅಂದಳು. ಹೋಗಿ ಅನ್ನೋಕೆ ಕಣವ್ವ ಅಂದೆ. "ನಿಲ್ಲಿ ಅಂದ್ರೇ ನಿಲ್ನಿಲ್ಲ, ಇನ್ನು ನಾವು ಅಪ್ಪಣೆ ಕೊಡೋಗಂಟ ಕಾಯ್ತಾರ?" ಅಂದು ನಕ್ಕಳು. ನನಗೆ ನಗು ಬರಲಿಲ್ಲ.

ಈ ಪುಸ್ತಕದ ಮೇಲೆ ನನಗೆ ಸಿಟ್ಟಿಲ್ಲ. ನಾವು ಸುಡಬೇಕಾದ ಪುಸ್ತಕಗಳು ಬೇರೆ ಇವೆ. ಸಿಟ್ಟು ಬಂದದ್ದು ಆ 112ನೇ ಕಲಮಿನ ಬಾಲ ಓದಿದಾಗ. ಈ ಫಲಕ, ದೀಪ, ಬಾವುಟದ ಏರ್ಪಾಡೆಲ್ಲ ಕೆಲಸಕ್ಕೆ 'ಇನ್ಸಿಡೆಂಟಲ್', ಕಂಟ್ರಾಕ್ಟರನ ಜವಾಬ್ದಾರಿ ಎಂದು 2013ರ ಪರಿಷ್ಕರಣೆಯಲ್ಲಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, 'ಜತೆಗೆ ಅದೂ ಇರ್ಲಿ'. ಟೆಂಡರಿನಲ್ಲಿ ಬೇರೆ ಬಾಬ್ತು ಬರೆಯದ ಹೊರತು ಅದಕ್ಕೆಂದು ಪ್ರತ್ಯೇಕ ದುಡ್ಡಿಲ್ಲ. ಜಲ್ಲಿ ಅಳೆದು ಬಿಲ್ಲು ಮಾಡುತ್ತಾರೆ. ಡಾಂಬರಿಗೆ ಲೆಕ್ಕ ಇದೆ. ಗಾಡಿಗಳು ಬಳಸಿ ಹೋಗಲು ಮಾಡುವ ಬದಲಿ ದಾರಿಗೂ ಮೀಟರು ಲೆಕ್ಕದಲ್ಲಿ ದುಡ್ಡುಂಟು. ಆ ಗಾಡಿ ನಮ್ಮ ಮೈಮೇಲೆ ಬರದಂತೆ ಉರಿಯಬೇಕಾದ ದೀಪಕ್ಕೆ ಮಾತ್ರ ಇಲ್ಲ. ಇಡದೆ ಬಿಟ್ಟ ಒಂದೊಂದು ದೀಪವೂ ಕಂಟ್ರಾಕ್ಟರನಿಗೆ ಉಳಿತಾಯ. ಅವನೊಬ್ಬ ಕೆಟ್ಟವನು ಅಂತ ಬಯ್ದು ಕೂತರೆ ಆಗಲಿಲ್ಲ. ಅವನಿಗೆ ಈ ದಾರಿ ಮಾಡಿಕೊಟ್ಟದ್ದು ಲೆಕ್ಕದ ಹಾಳೆ.

ಇನ್ನು ಸರ್ಟಿಫಿಕೇಟು. ಕಂಟ್ರಾಕ್ಟರನಿಗೆ ಲೋಕೋಪಯೋಗಿ ಇಲಾಖೆಯಲ್ಲಿ ದರ್ಜೆಯ ನೋಂದಣಿ ಇದೆ. ರೋಲರ್ ಓಡಿಸುವವನಿಗೆ ಲೈಸೆನ್ಸ್ ಬೇಕು. ರಸ್ತೆಯ ಸುರಕ್ಷತೆ ಆಡಿಟ್ ಮಾಡುವ ಇಂಜಿನಿಯರಿಗೂ ಕೋರ್ಸುಂಟು, ಪ್ರಮಾಣಪತ್ರ ಉಂಟು. ಡಾಂಬರು ಕೂಡ ಲ್ಯಾಬಿಗೆ ಹೋಗಿ ಪಾಸಾಗಿ ಬರುತ್ತದೆ ಸ್ವಾಮಿ! ಗಾಡಿಯ ಎದುರಿಗೆ ಮೈಯೊಡ್ಡಿ ನಿಲ್ಲುವ ಹೆಂಗಸಿಗೆ ಏನಿದೆ? ಅವಳ ಅರ್ಹತೆ ಹುಟ್ಟಿದ ಕೇರಿಯೇ. ಆ ಒಂದು ಸರ್ಟಿಫಿಕೇಟನ್ನು ಯಾವ ಕಚೇರಿಯೂ ಇವತ್ತಿನವರೆಗೆ ತಿರಸ್ಕರಿಸಿಲ್ಲ. ಇಂಗ್ಲೆಂಡಿನಲ್ಲಿ 1991ರ ಕಾಯ್ದೆಯ ಪ್ರಕಾರ ಬೀದಿ ಅಗೆಯುವ ಕಡೆ, ತರಬೇತಿ ಪಡೆದು ಅರ್ಹತೆ ಗಳಿಸಿದ ಒಬ್ಬ ಕೆಲಸಗಾರನಾದರೂ ಕೆಲಸ ನಡೆಯುವಷ್ಟು ಹೊತ್ತೂ ಇರಬೇಕು. ಅಲ್ಲಿಂದ ಕ್ರಿಕೆಟ್ಟು ತಂದುಕೊಂಡವರಿಗೆ ಇದು ತರಲು ಕೈ ಬರಲಿಲ್ಲ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಸೇರಿಸಿದರು. ರಸ್ತೆಯ ಸುರಕ್ಷತಾ ಮಾನದಂಡ ಪಾಲಿಸದೆ ಸಾವೋ ಅಂಗವೈಕಲ್ಯವೋ ಆದರೆ ಅಧಿಕಾರಿಗೆ, ಕಂಟ್ರಾಕ್ಟರಿಗೆ ದಂಡ. ಎಷ್ಟು? ಹೆಚ್ಚೆಂದರೆ 1 ಲಕ್ಷ ರೂಪಾಯಿ. ಅದೂ ಸತ್ತವರ ಮನೆಗೆ ನೇರ ಬರುವುದಿಲ್ಲ, ಸರ್ಕಾರದ ಅಪಘಾತ ನಿಧಿಗೆ ಹೋಗುತ್ತದೆ.

1924ರಲ್ಲಿ ವೈಕಂನಲ್ಲಿ ನಮ್ಮಂಥವರು ದೇವಸ್ಥಾನದ ಒಳಗೆ ಬಿಡಿ ಎಂದು ಕೇಳಲಿಲ್ಲ, ಅದರ ಸುತ್ತಲ ರಸ್ತೆಯಲ್ಲಿ ನಡೆಯಲು ಬಿಡಿ ಎಂದು ಸತ್ಯಾಗ್ರಹ ಹೂಡಬೇಕಾಯಿತು. ಸಂವಿಧಾನದ 15(2)ರಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆ 'ರಸ್ತೆ' ಎಂಬ ಪದವೂ ಸುಮ್ಮನೆ ಬಂದು ಕೂತಿಲ್ಲ. ನಡೆಯುವ ಹಕ್ಕು ಸಿಕ್ಕಿತು. ಆ ರಸ್ತೆಗೆ ಕಾಲಿಗೆ ಗೋಣಿಚೀಲ ಸುತ್ತಿಕೊಂಡು ಡಾಂಬರು ಸುರಿದವರು, ಸಂಜೆ ಜೀವಂತ ಮನೆಗೆ ಬರುವ ಹಕ್ಕು ಯಾವ ಕಲಮಿನಲ್ಲಿದೆ?

ಸಂಘದ ಹಿರಿಯರೊಬ್ಬರು ನನ್ನನ್ನು ತಡೆದು ಹೇಳಿದರು: "ಸರ್ಟಿಫಿಕೇಟು ಕೇಳ್ಬೇಡ ಮಾರಾಯ, ಓದು ಬಾರದ ನಮ್ಮ ಹೆಂಗಸರನ್ನ ಹೊರಗಿಡೋಕೆ ಅದೇ ಹೊಸ ಮಡಿ ಆಗ್ತದೆ." ಮಾತು ಸುಳ್ಳಲ್ಲ. ರಾತ್ರಿಯೆಲ್ಲ ಯೋಚಿಸಿದೆ. ಅದಕ್ಕೇ ಹೇಳುತ್ತೇನೆ: ಪರೀಕ್ಷೆ ಹಾಳೆಯ ಮೇಲೆ ಬೇಡ, ರಸ್ತೆಯ ಮೇಲೆ ಆಗಲಿ. ಕೋನು ಎಲ್ಲಿ ಇಡಬೇಕು, ಯಾವ ತಿರುವಿಗೆ ಎಷ್ಟು ದೂರ ನಿಲ್ಲಬೇಕು ಅಂತ ಕನ್ನಡದಲ್ಲಿ, ಬಾಯಲ್ಲಿ ಹೇಳಿ, ಕೈಯಲ್ಲಿ ಮಾಡಿಸಿ ಕಲಿಸಿ. ಕಲಿಯುವ ದಿನಗಳಿಗೆ ಕೂಲಿ ಕೊಡಿ. ಖರ್ಚು ಕಂಟ್ರಾಕ್ಟರನದು. ಕಾರ್ಡು ಹೆಂಗಸಿನ ಹೆಸರಲ್ಲಿರಲಿ, ಮೇಸ್ತ್ರಿಯ ಜೇಬಲ್ಲಲ್ಲ. ಕೋನು, ದೀಪ ಇಲ್ಲದಿದ್ದರೆ ಕೆಲಸ ನಿಲ್ಲಿಸುವ ಅಧಿಕಾರ ಆ ಕಾರ್ಡಿಗಿರಲಿ. ನಿಲ್ಲಿಸಿದ ದಿನದ ಕೂಲಿ ಕಡಿಯಬಾರದು. ಈ ಅಧಿಕಾರವಿಲ್ಲದ ಕಾರ್ಡು ನಮಗೆ ಬೇಡ, ಅವರೇ ಇಟ್ಟುಕೊಳ್ಳಲಿ.

ಇಲಾಖೆಯವರು ಮುಂದಿನ ಟೆಂಡರಿನಲ್ಲಿ ದೀಪಕ್ಕೆ, ಫಲಕಕ್ಕೆ, ಬಾವುಟ ಹಿಡಿಯುವವರ ಕೂಲಿಗೆ ಬೇರೆ ಬಾಬ್ತು ಬರೆಯಬೇಕು. ಅಲ್ಲಿಯವರೆಗೆ ಹೊತ್ತು ಮುಳುಗಿದ ಮೇಲೆ ನಮ್ಮ ಕೇರಿಯ ಹೆಂಗಸರು ರಸ್ತೆ ಕೆಲಸಕ್ಕೆ ಇಳಿಯುವುದಿಲ್ಲ. ಹೋದ ಅಮಾವಾಸ್ಯೆಯ ದಿನ ಎಲ್ಲ ಕೂತು ತೀರ್ಮಾನ ಮಾಡಿದ್ದೇವೆ. ಮೇಸ್ತ್ರಿಗೂ ಹೇಳಿಯಾಗಿದೆ.