ಹೆಸರಿಗೂ ಪರವಾನಗಿ

ಎಕ್ಸ್‌-ರೇ ತೆಗೆಯುವ ‘ರೇಡಿಯೋಗ್ರಾಫರ್’, ರಕ್ತ ಪರೀಕ್ಷಿಸುವ ‘ಬಯೋಮೆಡಿಕಲ್ ಸೈಂಟಿಸ್ಟ್’ ಎಂಬ ಹೆಸರುಗಳಿಗೆ ಬ್ರಿಟನ್ನಿನಲ್ಲಿ ಕಾನೂನಿನ ಕಾವಲುಂಟು. ಆರೋಗ್ಯ ಮತ್ತು ಆರೈಕೆ ವೃತ್ತಿಗಳ ಮಂಡಲಿಯ ಪಟ್ಟಿಗೆ ಸೇರದವರು ಅವನ್ನು ಧರಿಸುವಂತಿಲ್ಲ. ಇದನ್ನು ಅನ್ಯಾಯವೆನ್ನಲಾರೆ, ರಕ್ತದ ಗುಂಪು ತಪ್ಪಿದರೆ ಪ್ರಾಣಕ್ಕೇ ಸಂಚಕಾರವಲ್ಲವೇ? ಆದರೆ ನಮ್ಮ ನಾಡಿನ ಪ್ರಯೋಗಶಾಲೆಯಲ್ಲಿ ಹತ್ತು ವರ್ಷ ದುಡಿದು, ಗಂಡನೊಡನೆ ಅಲ್ಲಿಗೆ ಹೋದವಳ ಪಾಡನ್ನು ನೆನೆಯಿರಿ. ಮಂಡಲಿ ಅನುಭವವನ್ನೂ ಗಣಿಸುತ್ತದೆ, ನಿಜ. ಗಣಿಸುವುದು ಹೆಚ್ಚಾಗಿ ಕಾಗದದ ಮೇಲೆಯೇ. ಎಂದೋ ಓದಿದ ಪಾಠಗಳ ವಿವರವನ್ನು ಹಳೆಯ ಕಾಲೇಜಿನಿಂದ ತರಿಸಬೇಕು. ಕಾಲೇಜು ಕಚೇರಿಗಳ ಚುರುಕುತನವನ್ನು ನಾನು ಒಳಗಿದ್ದೇ ಬಲ್ಲೆ! ಭಾರತದಲ್ಲಿ ಈ ವೃತ್ತಿಗಳಿಗೆ ರಾಷ್ಟ್ರಮಟ್ಟದ ಕಾನೂನಾದದ್ದೇ 2021ರಲ್ಲಿ. ಅದಕ್ಕೆ ಮುಂಚೆ ಹೊರಟವಳು ಸ್ವದೇಶದ ಯಾವ ರಾಷ್ಟ್ರೀಯ ಪಟ್ಟಿಯನ್ನು ತೋರಿಸಿಯಾಳು? ಗಾಜಿನ ಮೇಲಣ ಮಲೇರಿಯಾ ಕ್ರಿಮಿಯನ್ನು ಕಂಡೊಡನೆ ಗುರುತಿಸಬಲ್ಲ ಆಕೆ, ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಊರಿನಿಂದ ಬರಬೇಕಾದ ಉತ್ತರವನ್ನು ಕಾಯುತ್ತ ಕುಳಿತಿರುತ್ತಾಳೆ.